ತೆಂಗನಾನ್: ಕಟ್ಟಳೆಯ ಹಾಸು, ಕಲೆಯ ಹೊಕ್ಕು

ಊರಿಗೆ ಹೆಸರು ಅಲ್ಲಿಯ ದೇವರಿಂದಲೋ, ಕೆರೆಯಿಂದಲೋ, ಮರದಿಂದಲೋ ಬರುವುದು ಲೋಕರೂಢಿ. ಒಂದು ವಸ್ತ್ರದಿಂದ ಊರಿಗೆ ಹೆಸರು ಬಂದ ನಿದರ್ಶನ ವಿರಳ. ಇಂಡೊನೇಷ್ಯಾ ದೇಶದ ಬಾಲಿ ದ್ವೀಪದ ಪೂರ್ವಭಾಗದಲ್ಲಿ, ಕಾರಂಗಸೆಮ್ ಪ್ರಾಂತದ ಗುಡ್ಡಗಳ ಮಡಿಲಿನಲ್ಲಿರುವ ತೆಂಗನಾನ್ ಪೆಗ್ರಿಂಗ್ಸಿಂಗನ್ ಎಂಬ ಗ್ರಾಮ ಅಂಥದೊಂದು ನಿದರ್ಶನ. ಗೆರಿಂಗ್ಸಿಂಗ್ ಎಂಬುದು ಅಲ್ಲಿಯ ಸ್ತ್ರೀಯರು ನೇಯುವ ಒಂದು ವಿಶಿಷ್ಟ ವಸ್ತ್ರ. ‘ಗೆರಿಂಗ್’ ಎಂದರೆ ರೋಗ. ‘ಸಿಂಗ್’ ಎಂದರೆ ಇಲ್ಲ. ಉಟ್ಟವರನ್ನು ರೋಗರುಜಿನಗಳಿಂದಲೂ ದುಷ್ಟಶಕ್ತಿಗಳಿಂದಲೂ ಕಾಯುವ ವಸ್ತ್ರವೆಂಬ ನಂಬಿಕೆ ಆ ಹೆಸರಿನಲ್ಲಿಯೇ ಅಡಗಿದೆ. ಗೆರಿಂಗ್ಸಿಂಗ್ ನೇಯುವವರ ಊರು ಪೆಗ್ರಿಂಗ್ಸಿಂಗನ್ ಆಯಿತು.

ಕಡಲತೀರದ ಚಂದಿದಾಸದಿಂದ ಕೆಲವೇ ಕಿಲೋಮೀಟರ್ ಒಳಗಿರುವ ಈ ಊರಿಗೆ ಇಂದು ದೇಶದೇಶಗಳ ಪ್ರವಾಸಿಗಳು ಬರುತ್ತಾರೆ. ವಸ್ತ್ರವನ್ನು ಕಂಡು, ಬೆಲೆ ಕೇಳಿ, ಬೆರಗಾಗಿ ಹಿಂದಿರುಗುತ್ತಾರೆ. ಆದರೆ ಇತಿಹಾಸದ ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಬೇರೆ. ರಾಜ್ಯಗಳು ಬಂದವು, ಹೋದವು; ಪರಕೀಯರ ಆಳ್ವಿಕೆ ಬಂದಿತು, ಹೋಯಿತು. ಇಷ್ಟೆಲ್ಲ ಆದರೂ ಈ ಸಣ್ಣ ಗ್ರಾಮದಲ್ಲಿ ಮಗ್ಗದ ಸದ್ದು ನಿಲ್ಲಲಿಲ್ಲವೇಕೆ? ಒಂದು ಕಲೆಯನ್ನು ಶತಮಾನಗಳ ಕಾಲ ಹೊತ್ತು ನಿಲ್ಲಿಸುವ ಶಕ್ತಿ ಯಾವುದು? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬಾಲಿಯ ಇತಿಹಾಸದಲ್ಲಿ ಕ್ರಿ.ಶ. 1343 ಒಂದು ದೊಡ್ಡ ಗಡಿ. ಪೂರ್ವ ಜಾವದ ಮಜಪಹಿತ್ ಸಾಮ್ರಾಜ್ಯದ ಸೇನೆಯು ಗಜಮದನೆಂಬ ಮಹಾಮಂತ್ರಿಯ ನೇತೃತ್ವದಲ್ಲಿ ದ್ವೀಪವನ್ನು ಜಯಿಸಿದ್ದು ಆ ವರ್ಷವೆಂದು ಪರಿಗಣಿತವಾಗಿದೆ. ಅಲ್ಲಿಂದ ಮುಂದೆ ಬಾಲಿಯ ಬಯಲು ಸೀಮೆಯಲ್ಲಿ ಜಾವದ ಅರಮನೆಯ ನಡೆನುಡಿ, ಪುರೋಹಿತ ಪದ್ಧತಿ, ವರ್ಣವಿಭಾಗಗಳು ಬೇರೂರಿದವು. ಅದಕ್ಕೆ ಪೂರ್ಣವಾಗಿ ಒಳಗಾಗದೆ ಹಳೆಯ ಆಚಾರಗಳನ್ನು ಉಳಿಸಿಕೊಂಡವರನ್ನು ‘ಬಾಲಿ ಆಗ’ ಎಂದು ಕರೆಯುವ ವಾಡಿಕೆ ಬಂದಿತು. ಬಾತೂರ್ ಸರೋವರದ ದಡದ ತ್ರುನ್ಯಾನ್ ಮತ್ತು ನಾವು ಈಗ ವಿಚಾರಿಸುತ್ತಿರುವ ತೆಂಗನಾನ್, ಇವೆರಡೂ ಈ ವರ್ಗದ ಪ್ರಸಿದ್ಧ ಗ್ರಾಮಗಳು. ಬಾಲಿಯ ಇತರೆಡೆಗಳಲ್ಲಿ ಕಾಣುವ ಬ್ರಾಹ್ಮಣ, ಕ್ಷತ್ರಿಯ, ವೈಶ್ಯ ಎಂಬ ಮೇಲ್ವರ್ಣಗಳ ವಿಭಾಗ ತೆಂಗನಾನಿನಲ್ಲಿಲ್ಲ. ಕುಲಗಳುಂಟು; ಒಂದೊಂದು ಕುಲಕ್ಕೆ ಒಂದೊಂದು ಕರ್ತವ್ಯವೂ ಉಂಟು. ಬಾಲಿಯ ಹಿಂದೂಗಳಲ್ಲಿ ಶವದಹನವೇ ಮಹಾಸಂಸ್ಕಾರವಾಗಿದ್ದರೆ, ಇಲ್ಲಿಯವರು ಮೃತರನ್ನು ಭೂಮಿಯಲ್ಲಿ ಹೂಳುತ್ತಾರೆ.

ಊರವರು ತಮ್ಮ ಮೂಲವನ್ನು ಹೇಳುವ ಕಥೆಯೊಂದಿದೆ. ಬೆದಹುಲು ಎಂಬ ಪ್ರಾಚೀನ ರಾಜನು ಯಜ್ಞಕ್ಕೆ ಮೀಸಲಾಗಿರಿಸಿದ್ದ ಕುದುರೆ ಕಾಣೆಯಾಯಿತು. ಆ ಕುದುರೆಯ ಹೆಸರು ಓಂಚೆಸ್ರವ. ನಮ್ಮ ಪುರಾಣಗಳಲ್ಲಿ ಕ್ಷೀರಸಾಗರದಿಂದ ಹುಟ್ಟಿಬಂದ ಇಂದ್ರನ ಉಚ್ಚೈಃಶ್ರವವೇ ಸಾಗರ ದಾಟಿ ಈ ರೂಪವನ್ನು ತಾಳಿದೆ ಎಂಬುದನ್ನು ವಾಚಕರು ಕೂಡಲೇ ಗುರುತಿಸಬಲ್ಲರು. ರಾಜನು ದಿಕ್ಕುದಿಕ್ಕಿಗೆ ಜನರನ್ನು ಕಳುಹಿಸಿದನು. ಪೂರ್ವಕ್ಕೆ ಬಂದವರು ಪೆನೆಗೆಸ್ ಎಂಬ ಊರಿನವರು. ಅವರು ಕುದುರೆಯನ್ನು ಈ ಗುಡ್ಡಗಳ ನಡುವೆ ಕಂಡರು. ಆದರೆ ಅದು ಸತ್ತುಬಿದ್ದಿತ್ತು. ರಾಜನು ದುಃಖಪಟ್ಟರೂ ಅವರ ನಿಷ್ಠೆಗೆ ಮೆಚ್ಚಿ, ಕುದುರೆಯ ಕಳೇಬರದ ವಾಸನೆ ಎಲ್ಲಿಯವರೆಗೆ ಬರುವುದೋ ಅಲ್ಲಿಯವರೆಗಿನ ನೆಲ ನಿಮ್ಮದೆಂದು ವರವಿತ್ತನು. ಗಡಿ ಗುರುತಿಸಲು ಬಂದ ಅಧಿಕಾರಿ ಎಷ್ಟು ದೂರ ನಡೆದರೂ ವಾಸನೆ ಕಡಿಮೆಯಾಗಲಿಲ್ಲ. ಏಕೆಂದರೆ ಜೊತೆಯಲ್ಲಿ ನಡೆಯುತ್ತಿದ್ದ ಮುಖಂಡನು ಕುದುರೆಯ ಮಾಂಸದ ತುಂಡೊಂದನ್ನು ತನ್ನ ಉಡುಪಿನಲ್ಲಿ ಅಡಗಿಸಿಟ್ಟುಕೊಂಡಿದ್ದನು!

ಇದು ಚರಿತ್ರೆಯಲ್ಲ, ಐತಿಹ್ಯ. ಆದರೂ ಇದರ ತಿರುಳನ್ನು ಉಪೇಕ್ಷಿಸಲಾಗದು. ತಮ್ಮ ಪೂರ್ವಿಕನ ಜಾಣ್ಮೆಯನ್ನು ಮುಚ್ಚಿಡದೆ ನಗುತ್ತ ಹೇಳಿಕೊಳ್ಳುವ ಈ ಜನರ ಸ್ಮೃತಿಯಲ್ಲಿ ಭೂಮಿಯೇ ಮೊದಲ ಮಾತು. ಆ ಭೂಮಿ ಯಾವನೊಬ್ಬನಿಗೂ ದೊರೆತುದಲ್ಲ, ಊರಿಗೆ ದೊರೆತದ್ದು. ಗ್ರಾಮದ ಒಟ್ಟು ವಿಸ್ತೀರ್ಣ ಇಂದಿಗೂ ಸುಮಾರು 900 ಹೆಕ್ಟೇರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಾಡುಗುಡ್ಡ, ಸುಮಾರು ಕಾಲುಭಾಗ ಭತ್ತದ ಗದ್ದೆ, ವಸತಿ ಪ್ರದೇಶ ಬಹಳ ಸ್ವಲ್ಪ.

ವಸತಿಯ ವಿನ್ಯಾಸವೇ ಒಂದು ಪಾಠದಂತಿದೆ. ಊರು ಉತ್ತರ ದಕ್ಷಿಣವಾಗಿ ಉದ್ದಕ್ಕೆ ಹಬ್ಬಿದ ಆಯತ. ಬಾಲಿಯವರಿಗೆ ಪರ್ವತದ ದಿಕ್ಕು ಪವಿತ್ರ, ಕಡಲಿನ ದಿಕ್ಕು ಅದಕ್ಕೆ ಕೆಳಗಿನದು. ಅದರಂತೆ ಕಲ್ಲುಹಾಸಿದ ಬೀದಿಗಳು ದಕ್ಷಿಣದಿಂದ ಉತ್ತರಕ್ಕೆ ಮೆಟ್ಟಿಲುಮೆಟ್ಟಿಲಾಗಿ ಏರುತ್ತವೆ. ಬೀದಿಯ ನಡುವೆ ಸಾರ್ವಜನಿಕ ಮಂಟಪಗಳು, ಧಾನ್ಯದ ಕಣಜಗಳು. ಇಕ್ಕೆಲಗಳಲ್ಲಿ ಒಂದೇ ಅಳತೆ, ಒಂದೇ ಬಗೆಯ ಮನೆಗಳ ಸಾಲು. ಹೊರಗಿನಿಂದ ನೋಡಿದವರಿಗೆ ಯಾವ ಮನೆ ಯಾರದೆಂದು ಸಂಪತ್ತಿನಿಂದ ಗುರುತಿಸುವುದು ಕಷ್ಟ.

ಈ ವ್ಯವಸ್ಥೆಯನ್ನೆಲ್ಲ ಹಿಡಿದು ನಿಲ್ಲಿಸಿರುವುದು ‘ಅವಿಗ್ ಅವಿಗ್’ ಎಂಬ ಗ್ರಾಮದ ಕಟ್ಟಳೆ. ಅದರ ಕೆಲವು ವಿಧಿಗಳನ್ನು ನೋಡಬೇಕು. ಗ್ರಾಮದ ನೆಲವನ್ನು ಹೊರಗಿನವರಿಗೆ ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ. ಜೀವವಿರುವ ಮರವನ್ನು ಮನಬಂದಂತೆ ಕಡಿಯುವಂತಿಲ್ಲ. ಒಣಗಿದ ಮರವನ್ನು ಕಡಿಯಬೇಕಾದರೂ ಹಿರಿಯರಿಗೆ ತಿಳಿಸಿ, ಅವರು ಪರೀಕ್ಷಿಸಿದ ಮೇಲೆ. ದುರಿಯಾನ್, ಕೆಮಿರಿ ಮೊದಲಾದ ಕೆಲವು ಮರಗಳ ಹಣ್ಣುಕಾಯಿಗಳನ್ನು ಕೊಂಬೆಯಿಂದ ಕೀಳಬಾರದು. ತಾನಾಗಿ ಬಿದ್ದ ಮೇಲೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಮರ ಯಾರ ತೋಟದಲ್ಲಿದ್ದರೂ ಸರಿಯೇ. ಪಿತ್ರಾರ್ಜಿತದಲ್ಲಿ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಸಮಪಾಲು. ಬಾಲಿಯ ಬಹುಭಾಗದಲ್ಲಿ ಆಸ್ತಿ ಗಂಡುಮಕ್ಕಳ ಮೂಲಕವೇ ಸಾಗುತ್ತದೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಗ್ರಾಮಸಭೆಯ ರಚನೆಯೂ ಗಮನಾರ್ಹ. ಅದರ ಸದಸ್ಯತ್ವ ವ್ಯಕ್ತಿಗೆ ಸಲ್ಲುವುದಿಲ್ಲ. ಊರಿನಲ್ಲಿಯೇ ಹುಟ್ಟಿ ಊರಿನಲ್ಲಿಯೇ ಮದುವೆಯಾದ ದಂಪತಿಗೆ ಸಲ್ಲುತ್ತದೆ. ‘ಬಾಲೆ ಅಗುಂಗ್’ ಎಂಬ ಮಹಾಮಂಟಪದಲ್ಲಿ ಅವರ ಸ್ಥಾನವನ್ನು ನಿರ್ಣಯಿಸುವುದು ಐಶ್ವರ್ಯವಲ್ಲ, ವಯಸ್ಸೂ ಅಲ್ಲ, ಮದುವೆಯ ಹಿರಿತನ. ಹೊಸ ದಂಪತಿ ಸೇರಿದಂತೆ ಹಳಬರು ಮೇಲಕ್ಕೆ ಸರಿಯುತ್ತಾರೆ. ತಮ್ಮ ಮಕ್ಕಳ ಮದುವೆಯಾದೊಡನೆ ಅವರು ಸಭೆಯಿಂದ ನಿವೃತ್ತರಾಗುತ್ತಾರೆ. ಹೀಗಾಗಿ ಯಾವ ಮನೆತನವೂ ಅಧಿಕಾರದಲ್ಲಿ ಬೇರುಬಿಡಲು ಅವಕಾಶವಿಲ್ಲ. ಡಚ್ ಅಧಿಕಾರಿಯೂ ವಿದ್ವಾಂಸನೂ ಆದ ವಿ. ಇ. ಕೋರ್ನ್ 1933ರಲ್ಲಿ ಈ ಊರನ್ನು ಕುರಿತು ಗ್ರಂಥ ಪ್ರಕಟಿಸಿದಾಗ ಅದರ ಶೀರ್ಷಿಕೆಯಲ್ಲಿಯೇ ಇದನ್ನು ‘ಗ್ರಾಮ ಗಣರಾಜ್ಯ’ ಎಂದು ಕರೆದದ್ದು ಸುಮ್ಮನೆ ಅಲ್ಲ.

ಇನ್ನು ವಸ್ತ್ರದ ವಿಚಾರ. ನೂಲನ್ನು ನೇಯುವ ಮೊದಲೇ, ಚಿತ್ತಾರಕ್ಕೆ ತಕ್ಕಂತೆ ಅಲ್ಲಲ್ಲಿ ಬಿಗಿದು ಕಟ್ಟಿ ಬಣ್ಣದಲ್ಲಿ ಅದ್ದುವ ಪದ್ಧತಿ ಅನೇಕ ದೇಶಗಳಲ್ಲಿದೆ. ಕಟ್ಟಿದ ಭಾಗಕ್ಕೆ ಬಣ್ಣ ಹಿಡಿಯುವುದಿಲ್ಲ. ಹಾಗೆ ಉಳಿದ ಗುರುತುಗಳೇ ನೇಯ್ದಾಗ ಚಿತ್ತಾರವಾಗುತ್ತವೆ. ಸಾಮಾನ್ಯವಾಗಿ ಹಾಸಿನ ನೂಲನ್ನು ಅಥವಾ ಹೊಕ್ಕಿನ ನೂಲನ್ನು, ಯಾವುದಾದರೂ ಒಂದನ್ನು ಹೀಗೆ ಕಟ್ಟುತ್ತಾರೆ. ಹಾಸು ಹೊಕ್ಕು ಎರಡನ್ನೂ ಕಟ್ಟಿ ಬಣ್ಣ ಹಾಕಿ, ನೇಯುವಾಗ ಒಂದರ ಗುರುತು ಇನ್ನೊಂದರ ಗುರುತಿನ ಮೇಲೆ ಸರಿಯಾಗಿ ಕೂರುವಂತೆ ಮಾಡುವುದು ಅತ್ಯಂತ ಕಠಿಣವಾದ ವಿದ್ಯೆ. ಜಗತ್ತಿನಲ್ಲಿ ಇದು ಮುಖ್ಯವಾಗಿ ಭಾರತ, ಜಪಾನ್, ಇಂಡೊನೇಷ್ಯಾ ದೇಶಗಳಲ್ಲಿ ಬೆಳೆಯಿತು. ಇಂಡೊನೇಷ್ಯಾದಲ್ಲಿ ಇದರ ಪರಂಪರಾಗತ ನೆಲೆ ತೆಂಗನಾನ್ ಒಂದೇ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಗುಜರಾತಿನ ಪಾಟಣದ ಪಟೋಲ ರೇಷ್ಮೆ ವಸ್ತ್ರ ಪ್ರಸಿದ್ಧವಾಗಿದೆ. ಆ ಪಟೋಲಗಳು ವರ್ತಕರ ಹಡಗುಗಳಲ್ಲಿ ಪೂರ್ವದ್ವೀಪಗಳಿಗೆ ಹೋಗುತ್ತಿದ್ದವು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಡಚ್ ಕಂಪನಿಯು ಅವನ್ನು ಸ್ಥಳೀಯ ಅರಸರಿಗೆ ಕಾಣಿಕೆಯಾಗಿಯೂ ಕೊಡುತ್ತಿತ್ತು. ಪಟೋಲವನ್ನು ಕಂಡೇ ತೆಂಗನಾನಿನವರು ಕಲಿತರೆಂದು ಕೆಲವು ವಿದ್ವಾಂಸರು, ಇದು ಸ್ವತಂತ್ರವಾಗಿ ಬೆಳೆದ ವಿದ್ಯೆಯೆಂದು ಕೆಲವರು ಅಭಿಪ್ರಾಯಪಡುತ್ತಾರೆ. ಪಟೋಲ ರೇಷ್ಮೆಯದು, ಗೆರಿಂಗ್ಸಿಂಗ್ ಹತ್ತಿಯದು. ಬಣ್ಣದ ಹದವೂ ಬೇರೆ. 1365ರಲ್ಲಿ ಪ್ರಪಂಚನೆಂಬ ಕವಿ ರಚಿಸಿದ ನಾಗರಕೃತಾಗಮ ಎಂಬ ಪ್ರಾಚೀನ ಜಾವಾ ಕಾವ್ಯದಲ್ಲಿ, ಮಜಪಹಿತ್ ರಾಜನ ರಥದ ಅಲಂಕಾರವನ್ನು ಹೇಳುವಲ್ಲಿ ಗ್ರಿಂಗ್ಸಿಂಗ್ ಎಂಬ ಮಾತು ಬರುತ್ತದೆ. ಅಂದಿನ ವಸ್ತ್ರವೂ ಇಂದಿನದೂ ಒಂದೇ ಎಂದು ಹೇಳಲು ಇಷ್ಟೇ ಆಧಾರ ಸಾಲದು. ಹೆಸರು ಮಾತ್ರ ಅಷ್ಟು ಹಳೆಯದು. ಊರವರನ್ನು ಕೇಳಿದರೆ ಅವರ ಉತ್ತರ ಸರಳ: ಆಕಾಶದ ಚಂದ್ರ ನಕ್ಷತ್ರಗಳ ಸೊಬಗಿಗೆ ಮನಸೋತ ಇಂದ್ರನು ಅದೇ ಸೊಬಗನ್ನು ನೂಲಿನಲ್ಲಿ ಮೂಡಿಸುವ ಬಗೆಯನ್ನು ತಮ್ಮ ಹೆಂಗಸರಿಗೆ ಕಲಿಸಿದನು.

ನೇಯ್ಗೆಯ ಕ್ರಮವನ್ನು ತಿಳಿದರೆ ತಾಳ್ಮೆ ಎಂಬ ಗುಣದ ಅಳತೆ ತಿಳಿಯುತ್ತದೆ. ಕೈಯಿಂದ ನೂತ ಹತ್ತಿಯ ನೂಲನ್ನು ಮೊದಲು ಕೆಮಿರಿ ಕಾಯಿಯ ಎಣ್ಣೆ ಮತ್ತು ಮರದ ಬೂದಿಯ ನೀರಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆಯಿಡುತ್ತಾರೆ. ಬಣ್ಣ ಆಳಕ್ಕೆ ಇಳಿಯಬೇಕಾದರೆ ಈ ಸಂಸ್ಕಾರ ಆವಶ್ಯಕ. ನೂಲಿಗೆ ಮಾಸಲು ಹಳದಿ ಛಾಯೆ ಬರುವುದೂ ಇದರಿಂದಲೇ. ಆಮೇಲೆ ಹಾಸಿನ ನೂಲನ್ನೂ ಹೊಕ್ಕಿನ ನೂಲನ್ನೂ ಎಳೆ ಎಣಿಸಿ ಕಟ್ಟುತ್ತಾರೆ. ಮೊದಲ ಬಣ್ಣ ನೀಲಿ. ವಿಚಿತ್ರವೆಂದರೆ ನೀಲಿಯ ಕೆಲಸವನ್ನು ತೆಂಗನಾನಿನೊಳಗೆ ಮಾಡುವ ಸಂಪ್ರದಾಯವಿಲ್ಲ. ನೂಲು ನೆರೆಯ ಬುಗ್‌ಬುಗ್ ಎಂಬ ಊರಿಗೆ ಹೋಗಿ ನೀಲಿಯಾಗಿ ಬರುತ್ತದೆ. ಬಳಿಕ ಕೆಲವು ಕಟ್ಟುಗಳನ್ನು ಬಿಚ್ಚಿ, ನೋನಿ ಮರದ ಬೇರಿನ ತೊಗಟೆಯಿಂದ ತೆಗೆದ ಕೆಂಪಿನಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸುತ್ತಾರೆ. ನೀಲಿಯ ಮೇಲೆ ಕೆಂಪು ಕೂತಲ್ಲಿ ಕಪ್ಪು ಮೂಡುತ್ತದೆ. ಕೆಂಪು, ಹಳದಿ ಮಿಶ್ರಿತ ಬಿಳುಪು, ಕಪ್ಪು, ಈ ಮೂರೇ ಗೆರಿಂಗ್ಸಿಂಗಿನ ಬಣ್ಣಗಳು.

ಮಗ್ಗ ಸಣ್ಣದು. ನೇಯುವವಳು ನೆಲದ ಮೇಲೆ ಕಾಲು ಚಾಚಿ ಕುಳಿತು, ಸೊಂಟಕ್ಕೆ ಬಿಗಿದ ಪಟ್ಟಿಯ ಮೂಲಕ ತನ್ನ ಮೈಭಾರದಿಂದಲೇ ಹಾಸನ್ನು ಎಳೆದು ಹಿಡಿಯುತ್ತಾಳೆ. ಕೆಲವು ಎಳೆ ನೇಯ್ದ ಕೂಡಲೇ ನಿಲ್ಲಿಸಿ, ಮೊನೆಯಾದ ಸಣ್ಣ ಸಾಧನದಿಂದ ನೂಲುಗಳನ್ನು ಕದಲಿಸಿ, ಹಾಸಿನ ಗುರುತಿಗೆ ಹೊಕ್ಕಿನ ಗುರುತು ಕೂಡುವಂತೆ ಸರಿಪಡಿಸುತ್ತಾಳೆ. ನೂಲಿನ ಸಂಸ್ಕಾರದಿಂದ ನೇಯ್ಗೆಯ ಕೊನೆಯವರೆಗೆ ಒಂದು ವಸ್ತ್ರಕ್ಕೆ ಎರಡು ಮೂರು ವರ್ಷ ಹಿಡಿಯುವುದು ಸಾಮಾನ್ಯ. ಇನ್ನೂ ಹೆಚ್ಚು ಕಾಲ ಬೇಕಾಗುವುದೂ ಉಂಟು. ಹಾಸು ಬಳೆಯಂತೆ ಸುತ್ತಿಕೊಂಡಿರುವುದರಿಂದ ಮಗ್ಗದಿಂದ ಇಳಿದ ವಸ್ತ್ರಕ್ಕೆ ತುದಿಯೂ ಇಲ್ಲ, ಮೊದಲೂ ಇಲ್ಲ. ಹೀಗೆ ಕತ್ತರಿಸದ ವಸ್ತ್ರವೇ ದೈವಕಾರ್ಯಗಳಿಗೆ ಶ್ರೇಷ್ಠವೆಂದು ಎಣಿಕೆ. ಈ ಕೆಂಪು ಮನುಷ್ಯರಕ್ತದ್ದೆಂಬ ಭಯಂಕರ ವದಂತಿಯೊಂದು ಹಿಂದೆ ಹೊರಗಿನವರಲ್ಲಿ ಹರಡಿತ್ತು, ಅದಕ್ಕೆ ಆಧಾರವಿಲ್ಲ. ಬೇರಿನ ಬಣ್ಣವೇ ಅಷ್ಟು ಗಾಢವಾದದ್ದು.

ಇಲ್ಲಿ ವಸ್ತ್ರ ಅಲಂಕಾರಕ್ಕಿಂತ ಮೊದಲು ಆಚಾರದ ಅಂಗ. ಯೌವನಕ್ಕೆ ಕಾಲಿಟ್ಟ ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಸಂಘಗಳಿದ್ದು, ಅವುಗಳ ಶಿಕ್ಷಣ ಮುಗಿಸಿದವರೇ ಊರಿನ ಪೂರ್ಣ ಸದಸ್ಯರು. ಆ ದೀಕ್ಷೆಗೆ, ಮದುವೆಗೆ, ಹಬ್ಬಕ್ಕೆ ಗೆರಿಂಗ್ಸಿಂಗ್ ಬೇಕೇ ಬೇಕು. ಆದ್ದರಿಂದ ಕೊಳ್ಳುವವರು ಇರಲಿ, ಬಿಡಲಿ, ನೇಯಲೇಬೇಕು.

ಸಂಗೀತದ ವಿಷಯವೂ ಹೀಗೆಯೇ. ‘ಸೆಲೊಂದಿಂಗ್’ ಎಂಬುದು ಕಬ್ಬಿಣದ ಪಟ್ಟಿಗಳನ್ನು ಮರದ ಪೆಟ್ಟಿಗೆಗಳ ಮೇಲೆ ಜೋಡಿಸಿದ ಪ್ರಾಚೀನ ವಾದ್ಯಸಮೂಹ. ಗುಡುಗಿನ ಸದ್ದಿನೊಡನೆ ಆಕಾಶದಿಂದ ಇಳಿದುಬಂದದ್ದೆಂದು ಊರವರು ಅದನ್ನು ಪೂಜಿಸುತ್ತಾರೆ. ಹೊರಗಿನವರು ಅದನ್ನು ಮುಟ್ಟುವಂತಿಲ್ಲ. ನುಡಿಸುವವರೂ ನಿಗದಿಯಾದ ವಿಧಿಗಳನ್ನು ಪೂರೈಸಿ ನಿಗದಿಯಾದ ದಿನವೇ ನುಡಿಸಬೇಕು. ತಾಳೆಗರಿಯ ಮೇಲೆ ಕಂಟದಿಂದ ಗೀರಿ, ಸುಟ್ಟ ಕೆಮಿರಿಯ ಕಪ್ಪನ್ನು ತೀಡಿ ಅಕ್ಷರಗಳನ್ನೂ ರಾಮಾಯಣ ಮಹಾಭಾರತದ ಚಿತ್ರಗಳನ್ನೂ ಮೂಡಿಸುವ ಕಲೆಯೂ ಇಲ್ಲಿದೆ. ನಮ್ಮ ಮಠಗಳ ಗ್ರಂಥಭಂಡಾರಗಳಲ್ಲಿ ಓಲೆಯ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಆ ಕೆಲಸ ಅಪರಿಚಿತವೆನಿಸದು. ಅಲ್ಲಿ ಓಲೆಗೆ ‘ಲೊಂತಾರ್’ ಎಂದು ಹೆಸರು. ‘ರೊನ್’ ಎಂದರೆ ಎಲೆ, ‘ತಾಲ್’ ಎಂದರೆ ತಾಳೆ; ‘ರೊನ್ ತಾಲ್’ ಎಂಬುದೇ ಅಕ್ಷರಪಲ್ಲಟವಾಗಿ ಲೊಂತಾರ್ ಆಯಿತು.

ಊರಿನ ಪಂಚಾಂಗವೂ ಊರಿನದೇ. ಅದರ ಐದನೆಯ ತಿಂಗಳಿನಲ್ಲಿ, ಸಾಮಾನ್ಯವಾಗಿ ನಮ್ಮ ಜೂನ್ ತಿಂಗಳ ಸುಮಾರಿಗೆ, ಉಸಾಬ ಸಂಬಹ್ ಎಂಬ ಮಹೋತ್ಸವ ನಡೆಯುತ್ತದೆ. ದೇವಪೂಜೆಯನ್ನು ನಿಷೇಧಿಸಿದ ಮಯದೆನವನೆಂಬ ಕ್ರೂರ ಅರಸನನ್ನು ಇಂದ್ರನು ಸಂಹರಿಸಿದ್ದರ ನೆನಪಿಗಾಗಿ ಯುವಕರು ‘ಮೆಕಾರೆ ಕಾರೆ’ ಎಂಬ ದ್ವಂದ್ವ ಕಾಳಗ ನಡೆಸುತ್ತಾರೆ. ನಮ್ಮ ಕೇದಿಗೆಯ ಜಾತಿಗೆ ಸೇರಿದ ಗಿಡದ ಮುಳ್ಳೆಲೆಗಳ ಕಟ್ಟು ಒಂದು ಕೈಯಲ್ಲಿ, ಬೆತ್ತದ ಗುರಾಣಿ ಇನ್ನೊಂದು ಕೈಯಲ್ಲಿ. ಸೆಲೊಂದಿಂಗ್ ಮೊಳಗುತ್ತದೆ, ಬೆನ್ನಿನ ಮೇಲೆ ಮುಳ್ಳು ಗೀರಿ ರಕ್ತ ಒಸರುತ್ತದೆ, ಕೆಲವೇ ಕ್ಷಣಗಳಲ್ಲಿ ಹಿರಿಯರು ಬಿಡಿಸುತ್ತಾರೆ. ಗೆದ್ದವನಿಲ್ಲ, ಸೋತವನಿಲ್ಲ. ಒಬ್ಬರ ಗಾಯಕ್ಕೆ ಇನ್ನೊಬ್ಬರು ಅರಿಸಿನ ಬೆರೆತ ಲೇಪ ಹಚ್ಚಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಅದೇ ದಿನಗಳಲ್ಲಿ ಕನ್ಯೆಯರು ಗೆರಿಂಗ್ಸಿಂಗ್ ಉಟ್ಟು ಮರದ ದೊಡ್ಡ ಸುತ್ತುಯ್ಯಾಲೆಯಲ್ಲಿ ಕುಳಿತುಕೊಳ್ಳುತ್ತಾರೆ. ಯುವಕರು ಅದನ್ನು ತಿರುಗಿಸುತ್ತಾರೆ.

ಇಷ್ಟನ್ನು ಓದಿದವರಿಗೆ ಇದೊಂದು ಆದರ್ಶ ಗ್ರಾಮವೆಂಬ ಭಾವನೆ ಬರಬಹುದು. ಇತಿಹಾಸಕಾರನು ಅಲ್ಲಿಗೇ ನಿಲ್ಲುವಂತಿಲ್ಲ. ಊರಿನ ಗದ್ದೆಗಳಲ್ಲಿ ಬಹುಪಾಲು ದುಡಿಯುವವರು ನೆರೆಹಳ್ಳಿಗಳ ಪಾಲುಗಾರ ರೈತರು. ಅವರ ಬೆವರಿನ ಬೆಳೆಯಿಂದಲೇ ತೆಂಗನಾನಿನವರಿಗೆ ವ್ರತ, ಹಬ್ಬ, ನೇಯ್ಗೆಗಳಿಗೆ ಬಿಡುವು ದೊರೆತಿದೆ ಎಂಬುದನ್ನು ಮರೆಯಲಾಗದು. ಊರ ಹೊರಗೆ ಮದುವೆಯಾದವರಿಗೆ ಸಂಪ್ರದಾಯ ಕಠೋರವಾಗಿತ್ತು. ಅವರು ಗ್ರಾಮಸಭೆಯ ಹಕ್ಕನ್ನು ಕಳೆದುಕೊಂಡು, ಪೂರ್ವದ ಬಂಜಾರ್ ಪಾಂದೆ ಎಂಬ ಕೇರಿಗೆ ಹೋಗಿ ನೆಲೆಸಬೇಕಾಗುತ್ತಿತ್ತು. ಅಂಗವೈಕಲ್ಯವಿದ್ದವರಿಗೂ ಸಭೆಯಲ್ಲಿ ಸ್ಥಾನವಿರಲಿಲ್ಲ. ಒಳಗಿನವರಿಗೆ ಸಮಾನತೆಯನ್ನು ಕೊಟ್ಟ ಕಟ್ಟಳೆಯೇ ಹೊರಗಿನವರಿಗೆ ಗೋಡೆಯೂ ಆಯಿತು. ಯಾವ ಸಮಾಜವೇ ಆಗಲಿ, ತನ್ನನ್ನು ಕಾಪಾಡಿಕೊಳ್ಳಲು ಕಟ್ಟಿದ ಗೋಡೆ ಯಾರ ಮೇಲೆ ನೆರಳು ಬೀರುತ್ತಿದೆ ಎಂದು ಆಗಾಗ ನೋಡಿಕೊಳ್ಳಬೇಕು.

ಹೊಸ ಕಾಲದ ಪರೀಕ್ಷೆಗಳೂ ಕಡಿಮೆಯೇನಲ್ಲ. ಕಾರಂಗಸೆಮ್ 1894ರಲ್ಲಿ ಡಚ್ಚರ ಅಧೀನಕ್ಕೆ ಬಂದಿತು. 1942ರಲ್ಲಿ ಜಪಾನೀಯರು ಬಂದರು. 1945ರಲ್ಲಿ ಇಂಡೊನೇಷ್ಯಾ ಸ್ವಾತಂತ್ರ್ಯ ಘೋಷಿಸಿತು. ಬಣ್ಣ ಕಟ್ಟುವ ಪೂರ್ಣ ವಿಧಿಯನ್ನು ಬಲ್ಲ ಸ್ತ್ರೀಯರು ಎಂದೂ ಬಹು ಸಂಖ್ಯೆಯಲ್ಲಿರಲಿಲ್ಲ. 1970ರ ದಶಕದಿಂದ ಸ್ವಿಸ್ ವಿದ್ವಾಂಸ ಉರ್ಸ್ ರಾಮ್ಸೆಯರ್ ಮೊದಲಾದವರ ಅಧ್ಯಯನಗಳು ಜಗತ್ತಿನ ಗಮನವನ್ನು ಇತ್ತ ಸೆಳೆದವು. 1980ರ ದಶಕದಲ್ಲಿ ಚಂದಿದಾಸದ ಕಡಲತೀರ ಪ್ರವಾಸಿಗಳ ತಾಣವಾಯಿತು. ಬೇಡಿಕೆ ಹೆಚ್ಚಿ ಕಿರಿಯರು ಮತ್ತೆ ಮಗ್ಗಕ್ಕೆ ಕುಳಿತರು. ಜೊತೆಗೆ ಬೇಗ ನೇಯ್ದು ಬೇಗ ಮಾರುವ ಆಮಿಷವೂ ಬಂದಿತು. 2020ರಲ್ಲಿ ಕೊರೊನಾ ವ್ಯಾಧಿ ಹರಡಿ ಬಾಲಿಗೆ ವಿದೇಶೀಯರ ಬರವು ನಿಂತಾಗ, ಪ್ರವಾಸಿಯ ಹಣವೊಂದನ್ನೇ ನೆಚ್ಚಿದ ಬದುಕು ಎಷ್ಟು ಅಸ್ಥಿರವೆಂಬುದು ದ್ವೀಪಕ್ಕೆಲ್ಲ ಮನವರಿಕೆಯಾಯಿತು. ಮಾರಲಾಗದ ನೆಲವನ್ನು ಉಳಿಸಿಕೊಂಡ ಊರಿಗೆ ಆ ನೆಲವೇ ದೊಡ್ಡ ಆಸರೆ.

ಕೊನೆಯದಾಗಿ ಒಂದು ಘಟನೆಯನ್ನು ಸ್ಮರಿಸಬೇಕು. 1841ರಲ್ಲಿ ತೆಂಗನಾನಿಗೆ ಬೆಂಕಿ ಬಿದ್ದಿತು. ಪೂರ್ವಿಕರು ಬರೆದಿಟ್ಟಿದ್ದ ಕಟ್ಟಳೆಯ ಗ್ರಂಥ ಸುಟ್ಟು ಬೂದಿಯಾಯಿತು. ಅದರ ಇನ್ನೊಂದು ಪ್ರತಿ ಇರಲಿಲ್ಲ. ನೆಲ ಯಾರದು, ಗಡಿ ಎಲ್ಲಿಯದು, ಯಾವ ತಪ್ಪಿಗೆ ಯಾವ ದಂಡ ಎಂಬುದಕ್ಕೆಲ್ಲ ಇದ್ದ ಲಿಖಿತ ಆಧಾರ ಒಮ್ಮೆಗೇ ಇಲ್ಲವಾಯಿತು. ಬಲಿಷ್ಠರು ತಮಗೆ ಬೇಕಾದುದನ್ನು ಕಬಳಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಬೇರೆಯಿರಲಿಲ್ಲ. ಆದರೆ ಊರವರು ರಾಜನ ಅನುಮತಿಯನ್ನು ಬೇಡಿ ಪಡೆದು, 1842ರಲ್ಲಿ ತಮ್ಮ ನೆನಪಿನಲ್ಲಿದ್ದ ವಿಧಿಗಳನ್ನೆಲ್ಲ ಮತ್ತೆ ಬರೆದರು. ಇಂದು ಊರನ್ನು ನಡೆಸುತ್ತಿರುವ ಕಟ್ಟಳೆಗೆ ಆ ಬರಹವೇ ಮೂಲ.

ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಪ್ರತಿನಿತ್ಯ ನಡೆಯಲ್ಲಿದ್ದುದನ್ನು ನೆನಪಿಸಿಕೊಳ್ಳಲು ಅವರು ಕಷ್ಟಪಡಬೇಕಾಗಿರಲಿಲ್ಲ. ಕಟ್ಟಳೆ ನೆಲವನ್ನು ಕಾಯಿತು. ನೆಲ ಆಚಾರಕ್ಕೆ ಬಿಡುವು ಕೊಟ್ಟಿತು. ಆಚಾರ ವಸ್ತ್ರವನ್ನು ಬೇಡಿತು. ವಸ್ತ್ರ ಮಗ್ಗವನ್ನು ಉಳಿಸಿತು. ಹಾಸು ಬಿಗಿಯಾಗಿ ನಿಂತಿರುವವರೆಗೆ ಹೊಕ್ಕಿಗೆ ಎಡೆಯುಂಟು. ಓಲೆಯಲ್ಲಿ ಮಾತ್ರ ಉಳಿದ ಧರ್ಮವನ್ನು ಒಂದು ಕಿಡಿ ಸುಡಬಲ್ಲದು. ನಡೆಯಲ್ಲಿ ಉಳಿದದ್ದನ್ನು ಬೂದಿಯಿಂದಲೂ ಎತ್ತಿ ಬರೆಯಬಹುದು. ಪರಂಪರೆಯ ಹೆಸರನ್ನು ಹೇಳುವ ನಾವೆಲ್ಲರೂ, ನಮ್ಮ ಗ್ರಂಥಗಳೆಲ್ಲ ಇಂದು ಇಲ್ಲವಾದರೆ ನಾಳೆ ನಮ್ಮ ನಡೆಯಿಂದ ಎಷ್ಟು ಪುಟಗಳನ್ನು ಮತ್ತೆ ಬರೆಯಬಲ್ಲೆವು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.